ಮರಳು, ಕೆಸರು ಮತ್ತು ಕುದುರೆಯ ಅಂಕಪಟ್ಟಿ

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಬಂದವರು ಚಾಪಲ್ ಯುದ್ಧನೌಕೆ ನೋಡುತ್ತಾರೆ, ಸೂರ್ಯಾಸ್ತ ನೋಡುತ್ತಾರೆ. ವಿದ್ಯಾರ್ಥಿಗಳು ಅಲ್ಲಿ ಇನ್ನೊಂದು ಕೆಲಸವನ್ನೂ ಮಾಡಬಹುದು. ನೂರು ಮೀಟರ್ ದೂರವನ್ನು ಮೊದಲು ಒಣ ಮರಳಿನಲ್ಲಿ, ಆಮೇಲೆ ಅಲೆ ಸರಿದು ನೀರಿಂಗಿದ ತೇವದ ಮರಳಿನಲ್ಲಿ ಓಡಿ, ಗಡಿಯಾರ ನೋಡಬೇಕು. ಒಣ ಮರಳು ಪಾದವನ್ನು ನುಂಗುತ್ತದೆ. ತೇವದ ಮರಳಿನ ಕಣಗಳನ್ನು ನೀರಿನ ಮೇಲ್ಮೈ ಎಳೆತ ಒಂದಕ್ಕೊಂದು ಅಂಟಿಸಿರುವುದರಿಂದ ಅದು ಕಾಲಿಗೆ ಆಸರೆ ಕೊಡುತ್ತದೆ.

ಅಲ್ಲಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಅಂಕೋಲೆ. ಅಲ್ಲಿಯ ಹೊಳೆಯಂಚಿನಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿವೆ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ನೆಲ. ಮಳೆಗಾಲದಲ್ಲಿ ಅಲ್ಲಿ ಓಡುವುದಿರಲಿ, ಕೆಸರಿನಿಂದ ಕಾಲು ಕೀಳುವುದೇ ಕಷ್ಟ. ಹುಡುಗ ಒಬ್ಬನೇ, ನೆಲ ಮೂರು, ಹಿಡಿದ ವೇಳೆಯೂ ಮೂರು. ಅವನ ನಿಜವಾದ ವೇಗ ಯಾವುದು?

ಕುದುರೆ ಓಟದವರನ್ನು ಕಾಡುವುದೂ ಇದೇ ಪ್ರಶ್ನೆ. ಕುದುರೆ ನಮ್ಮ ಜಿಲ್ಲೆಗೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಭಟ್ಕಳ ಬಂದರಿನಲ್ಲಿ ಇಳಿಯುತ್ತಿದ್ದವು. ಇಂಗ್ಲೆಂಡಿನ ಓಟದ ಕುದುರೆಗಳ ಗಂಡು ಸಂತತಿಯೂ ಪೂರ್ವದೇಶಗಳಿಂದ ಹೋದ ಮೂರು ಗಂಡು ಕುದುರೆಗಳಿಂದ ಬಂದದ್ದು.

ಬ್ರಿಟನ್ನಿನ ಪಂದ್ಯಪಟ್ಟಿಯಲ್ಲಿ ಕುದುರೆಯ ಹೆಸರಿನ ಪಕ್ಕ 3021 ಎಂಬಂಥ ಅಂಕಿಗಳಿರುತ್ತವೆ. ಬಲತುದಿಯದು ತೀರಾ ಇತ್ತೀಚಿನ ಓಟ. 1 ಎಂದರೆ ಗೆಲುವು. 0 ಎಂದರೆ ಮೊದಲ ಒಂಬತ್ತರಲ್ಲಿ ಸ್ಥಾನವಿಲ್ಲ. ಬಲ್ಲವರು ಇಷ್ಟಕ್ಕೇ ತೀರ್ಪು ಕೊಡುವುದಿಲ್ಲ. ಆ ಸೊನ್ನೆ ಬಂದ ದಿನ ನೆಲ ಗಟ್ಟಿಯಿತ್ತೋ, ಕೆಸರಾಗಿತ್ತೋ? ದೂರವೆಷ್ಟು? ಎದುರಾಳಿಗಳು ಯಾರು? ಬೆನ್ನ ಮೇಲಿನ ಭಾರವೆಷ್ಟು? ಭಾರದ ಪಂದ್ಯಗಳಲ್ಲಿ ಬಲಿಷ್ಠ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ. ಒಂದು ಮೈಲಿಯ ಓಟದಲ್ಲಿ ಆರು ಕಿಲೋ ಹೆಚ್ಚು ಹೊತ್ತು, ಒಂದೇ ಕುದುರೆಯುದ್ದದಿಂದ ಸೋತದ್ದು ಗೆದ್ದದ್ದಕ್ಕಿಂತ ಮೇಲಿನದಾಗಿರಬಹುದು.

ಇಂಥ ಲೆಕ್ಕಕ್ಕೆ ಶಿಸ್ತು ತಂದವರಲ್ಲಿ ಒಬ್ಬರು ಗಣಿತದ ಮೇಷ್ಟ್ರಾಗಿದ್ದ ಫಿಲ್ ಬುಲ್. ಅವರು 1948ರಲ್ಲಿ ಆರಂಭಿಸಿದ ಟೈಮ್‌ಫಾರ್ಮ್ ಸಂಸ್ಥೆ ಪ್ರತಿ ಕುದುರೆಗೂ ಅಂಕ ಕೊಡುತ್ತದೆ. ಹದಿನಾಲ್ಕು ಓಟ ಓಡಿ ಹದಿನಾಲ್ಕನ್ನೂ ಗೆದ್ದ ಫ್ರಾಂಕೆಲ್‌ಗೆ ಅದು ಕೊಟ್ಟದ್ದು 147. ಅದೇ ಫ್ರಾಂಕೆಲ್ 2012ರ ಆಗಸ್ಟ್‌ನಲ್ಲಿ ಯಾರ್ಕ್‌ನ ಒಳ್ಳೆಯ ನೆಲದಲ್ಲಿ ಏಳು ಕುದುರೆಯುದ್ದದಿಂದ ಗೆದ್ದಿತು. ಅಕ್ಟೋಬರ್‌ನಲ್ಲಿ ಆಸ್ಕಟ್‌ನ ಮೆತ್ತನೆಯ ನೆಲದಲ್ಲಿ, ತನ್ನ ಕೊನೆಯ ಓಟದಲ್ಲಿ, ಗೆದ್ದದ್ದು ಎರಡು ಉದ್ದಕ್ಕೂ ಕಡಿಮೆ ಅಂತರದಿಂದ. ಎರಡನೆಯದಾಗಿ ಬಂದ ಸಿರಸ್ ದೆಜ್ ಏಗ್ಲ್ ಕೆಸರು ನೆಲದಲ್ಲೇ ಹೆಸರು ಮಾಡಿದ ಕುದುರೆ. ಅಂತರ ಕುಗ್ಗಿತೆಂದು ಫ್ರಾಂಕೆಲ್ ಸಣ್ಣದಾಯಿತೆ?

ಇಷ್ಟು ಲೆಕ್ಕ ಹಾಕಿದರೂ ನಾಳೆಯ ಓಟದ ಫಲ ಖಚಿತವಲ್ಲ. ಸಿಗುವುದು ಸಂಭವನೀಯತೆ ಮಾತ್ರ. ಈ ಪಟ್ಟಿಯನ್ನು ನಂಬಿ ಜೂಜಿಗಿಳಿದು ಮನೆ ಕಳೆದುಕೊಂಡವರಿದ್ದಾರೆ. ಅದು ವಿದ್ಯೆಯ ಬಳಕೆಯಲ್ಲ.

ಪಾಲಕರು ಗಮನಿಸಬೇಕಾದದ್ದು ಬೇರೆ. ಮಗನ ಅಂಕಪಟ್ಟಿಯೂ ಒಂದು ಸಾಲು ಅಂಕಿಗಳೇ. ಬೆಳಿಗ್ಗೆ ದೋಣಿಯ ಮೀನು ಇಳಿಸಿ ಶಾಲೆಗೆ ಬರುವ ಹುಡುಗನ 60ನ್ನೂ, ಪಕ್ಕದ ಮನೆಯವನ 75ನ್ನೂ ಹೋಲಿಸುವ ಮುನ್ನ ಕೇಳಿಕೊಳ್ಳಿ: ಯಾರ ಬೆನ್ನ ಮೇಲೆ ಎಷ್ಟು ಭಾರವಿತ್ತು, ಯಾರು ಯಾವ ನೆಲದಲ್ಲಿ ಓಡಿದರು?