ಬೆಳ್ಳಿಯ ಚಮಚಗಳು ಮತ್ತು ಅವ್ವನ ಒಳಲೆ

ಮಠದ ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತು ಬೆಳೆದವನಿಗೆ ಚಮಚದ ಪರಿಚಯ ತಡವಾಗಿಯೇ ಆಗುತ್ತದೆ. ರೊಟ್ಟಿ, ನುಚ್ಚು, ಸಾರು ಎಲ್ಲವನ್ನೂ ಕೈಯಿಂದಲೇ ಉಂಡವರು ನಾವು. ಬಾಯಿಗೆ ತಾಗಿದ ಬೆಳ್ಳಿಯೆಂದರೆ, ಹಸುಗೂಸಾಗಿದ್ದಾಗ ಅವ್ವ ಹಾಲು ಕುಡಿಸುತ್ತಿದ್ದ ಒಳಲೆಯೊಂದೇ. ಅಂಥವನು ಚಮಚಗಳನ್ನು ಕುರಿತು ಬರೆಯಲು ಕುಳಿತಿರುವುದನ್ನು ಕಂಡು ಓದುಗರು ಮುಗುಳುನಕ್ಕರೆ ತಪ್ಪೇನೂ ಇಲ್ಲ. ಆದರೆ ನನ್ನ ಒಂದು ಹಳೆಯ ತಪ್ಪು ನನಗೆ ಅರಿವಾದದ್ದು ಚಮಚಗಳ ಮುಂದೆ ನಿಂತಾಗಲೇ. ಆದುದರಿಂದ ಈ ಬರಹ.

2023ರಲ್ಲಿ ನಾವು ದಂಪತಿಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಮೇ 6ರಂದು ಅಲ್ಲಿನ ದೊರೆ ಮೂರನೆಯ ಚಾರ್ಲ್ಸ್‌ನ ಪಟ್ಟಾಭಿಷೇಕ. ಅದನ್ನು ಟಿ.ವಿ.ಯಲ್ಲಿ ನೋಡಲು ನೆರೆಮನೆಯ ವೃದ್ಧೆಯೊಬ್ಬರು ನಮ್ಮನ್ನೆಲ್ಲ ಚಹಕ್ಕೆ ಕರೆದಿದ್ದರು. ಅವರ ಕೋಣೆಯ ಗೋಡೆಯ ಮೇಲೆ ಕಟ್ಟಿಗೆಯ ಚೌಕಟ್ಟೊಂದಿತ್ತು. ಅದರ ಕಚ್ಚುಗಳಲ್ಲಿ ನಲವತ್ತಕ್ಕೂ ಮಿಕ್ಕಿ ಪುಟ್ಟ ಚಮಚಗಳು ಸಾಲಾಗಿ ತೂಗುತ್ತಿದ್ದವು. ಪ್ರತಿಯೊಂದರ ತುದಿಯಲ್ಲಿ ಬಣ್ಣದ ಮೀನಾಕಾರಿಯ ಒಂದು ಲಾಂಛನ. ಅದು ಒಂದೊಂದು ಊರಿನ ಗುರುತು. ಬಸ್ ಚಾಲಕರಾಗಿದ್ದ ಅವರ ಪತಿ ವರ್ಷಕ್ಕೊಮ್ಮೆ ಕುಟುಂಬವನ್ನು ಪ್ರವಾಸಕ್ಕೆ ಕರೆದೊಯ್ದಾಗ ಊರಿಗೊಂದು ಚಮಚ ಕೊಳ್ಳುತ್ತಿದ್ದರಂತೆ. "ಇವುಗಳಲ್ಲಿ ಬಹಳಷ್ಟು ಬೆಳ್ಳಿಯಲ್ಲ, ಬೆಳ್ಳಿಯ ನೀರು ಕುಡಿದವು" ಎಂದು ಆ ತಾಯಿ ನಕ್ಕರು. ಮಗ ಅವರ ಮಾತನ್ನು ನಮಗೆ ಕನ್ನಡಿಸುತ್ತಿದ್ದ.

ಹಾಗೆ ಬೆಳ್ಳಿಯ ನೀರು ಕುಡಿಸುವ ವಿದ್ಯುತ್ ಲೇಪನದ ವಿದ್ಯೆಗೆ 1840ರಲ್ಲಿ ಪೇಟೆಂಟ್ ಪಡೆದ ಎಲ್ಕಿಂಗ್ಟನ್ ಮನೆತನದವರು ಅದೇ ಬರ್ಮಿಂಗ್‌ಹ್ಯಾಮಿನವರು. ಬಡವರ ಮನೆಗೂ ಬೆಳ್ಳಿಯ ಹೊಳಪು ಬಂದದ್ದು ಆ ಬಳಿಕವೇ. ಊರಿನ ನೆನಪಿಗೆ ಚಮಚ ಕೊಳ್ಳುವ ಹುಚ್ಚು ಭರದಿಂದ ಹಬ್ಬಿದ್ದು ಅಮೆರಿಕೆಯಲ್ಲಿ. ಸೇಲಂ ಪಟ್ಟಣದ ಡೇನಿಯಲ್ ಲೋ ಎಂಬ ಆಭರಣ ವ್ಯಾಪಾರಿ 1890ರ ಸುಮಾರಿಗೆ ತನ್ನೂರಿನ ಮಾಟಗಾತಿಯರ ವಿಚಾರಣೆಯ ಇತಿಹಾಸವನ್ನು ನೆನಪಿಸುವ ಚಮಚವೊಂದನ್ನು ಮಾಡಿಸಿ ಮಾರಿದ. 1893ರ ಶಿಕಾಗೋ ಮಹಾಮೇಳದ ಹೊತ್ತಿಗೆ ಇಂಥ ಚಮಚ ಕೊಳ್ಳದೆ ಮನೆಗೆ ಮರಳಿದ ಯಾತ್ರಿಕ ವಿರಳ ಎಂಬಂತಾಗಿತ್ತು. ನಮ್ಮ ನಾಡಿಗೂ ಇದರ ನಂಟಿಲ್ಲದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನ ಪಿ. ಆರ್ ಅಂಡ್ ಸನ್ಸ್ ಮಳಿಗೆಯವರು ದೇವತಾಮೂರ್ತಿಗಳನ್ನು ಅಚ್ಚೊತ್ತಿದ ಬೆಳ್ಳಿಯ ಸಾಮಾನುಗಳನ್ನು ಮಾಡಿಸುತ್ತಿದ್ದರು. ಸಂಗ್ರಾಹಕರು ಅವನ್ನು ಇಂದಿಗೂ 'ಸ್ವಾಮಿ' ಬೆಳ್ಳಿ ಎಂದೇ ಕರೆಯುತ್ತಾರೆ.

ಅಷ್ಟರಲ್ಲಿ ಟಿ.ವಿ.ಯಲ್ಲಿ ದೊರೆಗೆ ತೈಲ ಲೇಪಿಸುವ ವಿಧಿಯ ಹೊತ್ತು ಬಂತು. ಆ ವಿಧಿ ತೆರೆಯ ಮರೆಯಲ್ಲಿ ನಡೆಯಿತು. ಅದಕ್ಕೆ ಬಳಸುವ ಚಮಚದ ಕಥೆಯನ್ನು ವೃದ್ಧೆ ಹೇಳಿದರು. ಅದು ಹನ್ನೆರಡನೆಯ ಶತಮಾನದ್ದು, ಚಿನ್ನದ ಮುಲಾಮಿನ ಬೆಳ್ಳಿಯದು. 1649ರಲ್ಲಿ ಅರಸೊತ್ತಿಗೆಯೇ ಅಳಿದಾಗ ಹಳೆಯ ಕಿರೀಟಾದಿಗಳನ್ನು ಟಂಕಸಾಲೆಯಲ್ಲಿ ಕರಗಿಸಿಬಿಟ್ಟರು. ಈ ಚಮಚವನ್ನು ಮಾತ್ರ ಕಿನ್ನರ್ಸ್ಲಿ ಎಂಬಾತ 16 ಶಿಲಿಂಗುಗಳಿಗೆ ಕೊಂಡು ಕಾಪಾಡಿದ. ಎರಡನೆಯ ಚಾರ್ಲ್ಸ್‌ನ ಪಟ್ಟಾಭಿಷೇಕದ ಹೊತ್ತಿಗೆ, 1661ರಲ್ಲಿ, ಅದನ್ನು ಮರಳಿ ಒಪ್ಪಿಸಿದ. ಒಬ್ಬ ಮನುಷ್ಯ 'ಇದು ಬರಿಯ ಲೋಹವಲ್ಲ' ಎಂದುಕೊಂಡದ್ದರಿಂದ ಅದು ಉಳಿಯಿತು.

ಆ ಬಳಿಕ ವೃದ್ಧೆ ತಮ್ಮಲ್ಲಿದ್ದ ಅಪ್ಪಟ ಬೆಳ್ಳಿಯ ಎರಡು ಚಮಚಗಳನ್ನು ಹತ್ತಿಬಟ್ಟೆಯಿಂದ ಬಿಚ್ಚಿ ತೋರಿಸಿದರು. ಒಂದರ ಹಿಂಬದಿಯಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಮುದ್ರೆಗಳಿದ್ದವು. ನಡೆಯುವ ಸಿಂಹವೆಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ; ಲಂಗರೆಂದರೆ 1773ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ; ಒಂದು ಅಕ್ಷರದಿಂದ ವರ್ಷ; ಹೆಸರಿನ ಮೊದಲಕ್ಷರಗಳಿಂದ ಅಕ್ಕಸಾಲಿಗ. ನನಗೆ ರೋಮಾಂಚನವಾಯಿತು. ಮೂರು ದಶಕಗಳಿಂದ ತಾಳೆಯೋಲೆಗಳ ಕೊನೆಯಲ್ಲಿ ಲಿಪಿಕಾರರು ಬರೆದಿಟ್ಟ ಪುಷ್ಪಿಕೆಗಳನ್ನು ಓದುತ್ತ ಬಂದವನು ನಾನು. ಯಾರು ಬರೆದರು, ಎಲ್ಲಿ, ಯಾವ ಸಂವತ್ಸರದಲ್ಲಿ ಎಂಬುದನ್ನು ಅವು ಹೇಳುತ್ತವೆ. ಈ ಮುದ್ರೆಗಳು ಬೆಳ್ಳಿಯ ಪುಷ್ಪಿಕೆಗಳೇ ಅಲ್ಲವೇ!

ಇನ್ನೊಂದು, ಮಗುವಿಗೆ ಉಣಿಸುವ ಪುಟ್ಟ ಚಮಚ. ಕೂಸಿನ ದೀಕ್ಷಾಸ್ನಾನದಲ್ಲಿ ಬೆಳ್ಳಿಯ ಚಮಚ ಕೊಡುವುದು ಅಲ್ಲಿನ ಹಳೆಯ ಪದ್ಧತಿ. ಅದರ ಅಂಚಿನಲ್ಲಿ ಹಾಲುಹಲ್ಲು ಕಚ್ಚಿದ ತಗ್ಗುಗಳಿದ್ದವು. ನನ್ನ ಮನೆಯವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು, ಏನೂ ಆಡಲಿಲ್ಲ. ಆ ಮೌನದ ಅರ್ಥ ನನಗೊಬ್ಬನಿಗೇ ತಿಳಿದಿತ್ತು.

1996ರಲ್ಲಿ ನಮ್ಮ ಹೊಸ ಮನೆಯ ಗುರುಪ್ರವೇಶ. ಜಂಗಮರ ಪಾದಪೂಜೆಗೆ ಬೆಳ್ಳಿಯ ತಟ್ಟೆ ಮಾಡಿಸಬೇಕೆಂದು ಮನೆಯಲ್ಲಿದ್ದ ಹಳೆಯ ಬೆಳ್ಳಿಯನ್ನೆಲ್ಲ ಗಂಟು ಕಟ್ಟಿದೆ. ಅದರಲ್ಲಿ ಅವ್ವನ ಒಳಲೆಯೂ ಇತ್ತು. "ಅತ್ತೆಯವರದು, ಅದೊಂದು ಇರಲಿ ಬಿಡ್ರಿ" ಎಂದು ಮನೆಯವರು ಬೇಡಿಕೊಂಡರು. ಅವ್ವ ಆಗಲೇ ಲಿಂಗೈಕ್ಯಳಾಗಿ ಎರಡು ವರ್ಷಗಳಾಗಿದ್ದವು. ನಾನು ಪಂಡಿತ. "ಲೋಹದ ಮೇಲೇಕೆ ಮಮಕಾರ?" ಎಂದು ನಾಲ್ಕು ಮಾತು ವೈರಾಗ್ಯ ಬೋಧಿಸಿದೆ. ಅವರು ಸುಮ್ಮನಾದರು.

ಆ ಒಳಲೆ ಮೂರು ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದೆಂದು ಅವ್ವ ಹೇಳುತ್ತಿದ್ದಳು. 1940ಕ್ಕೆ ಮುಂಚಿನ ರೂಪಾಯಿ ಒಂದು ತೊಲೆ ತೂಗುತ್ತಿತ್ತು, ಎಂದರೆ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಪತ್ತಾರ ತಕ್ಕಡಿಗೆ ಹಾಕಿದಾಗ ಒಳಲೆ ಮೂರು ತೊಲೆಗೆ ತುಸು ಕಡಿಮೆ ಬಂತು. "ಸವೆದದ್ದೈತ್ರಿ" ಎಂದ. ಐದು ಮಕ್ಕಳ ವಸಡುಗಳು, ಪ್ರತಿ ಹಬ್ಬಕ್ಕೂ ವಿಭೂತಿಯಿಂದ ತಿಕ್ಕಿ ಬೆಳಗಿದ ಅವ್ವನ ಬೆರಳುಗಳು ಆ ಬೆಳ್ಳಿಯನ್ನು ಸವೆಸಿದ್ದವು. ಹಿಡಿಯುವ ಕಡೆ ಅಜ್ಜಿಯ ಹೆಸರಿನ ಮೂರು ಅಕ್ಷರಗಳನ್ನು ಚುಚ್ಚಿ ಬರೆಸಿದ್ದರು. ಓಲೆಗರಿಯ ಮೇಲೆ ಮಾಸಿದ ಅರ್ಧ ಅಕ್ಷರಕ್ಕಾಗಿ ದೀಪದ ಮುಂದೆ ರಾತ್ರಿಗಳನ್ನು ಕಳೆದ ನಾನು ಆ ಮೂರು ಅಕ್ಷರಗಳನ್ನು ಒಮ್ಮೆಯೂ ನಿಂತು ಓದಲಿಲ್ಲ. ಅವು ಮೂಸೆಯಲ್ಲಿ ಕರಗಿದವು.

ಕರಗಿಸುವುದೇ ತಪ್ಪೆಂದು ನಾನು ಹೇಳಲಾರೆ. ಒಳಲೆಯೂ ಕರಗಿದ ನಾಣ್ಯದಿಂದಲೇ ಹುಟ್ಟಿತ್ತು. ಕಷ್ಟಕಾಲಕ್ಕೆ ಆಗಲೆಂದೇ ನಮ್ಮ ಹಿರಿಯರು ಬೆಳ್ಳಿ ಇಡುತ್ತಿದ್ದರು. ಆದರೆ ನನಗೆ ಆಗ ಕಷ್ಟವಿರಲಿಲ್ಲ; ತಟ್ಟೆ ದೊಡ್ಡದಾಗಲೆಂಬ ಆಸೆಯಿತ್ತು. ಆ ಆಸೆಗೆ ವೈರಾಗ್ಯದ ಹೊದಿಕೆ ಹೊದಿಸಿದ್ದೆ. ಅದೇ ತಪ್ಪು. ಗೋಡೆಯ ತುಂಬ ಚಮಚ ತೂಗುಹಾಕಿದ್ದ ಆ ತಾಯಿಯಲ್ಲಿ ನಾನು ಸಂಗ್ರಹದ ಲೋಭ ಕಾಣಲಿಲ್ಲ. ಪ್ರತಿ ಚಮಚದ ಹಿಂದೆ ಯಾರು, ಯಾವ ಊರು, ಯಾವ ವರ್ಷ ಎಂಬ ಚೀಟಿ ಅಂಟಿಸಿದ್ದರು. ಅವರು ಕೂಡಿಟ್ಟಿದ್ದು ಋಣಗಳ ಲೆಕ್ಕವನ್ನು.

ಮನೆಗಳಲ್ಲಿ ಹಳೆಯ ಬೆಳ್ಳಿ ಇರುವವರಿಗೆ ಅವರು ಹೇಳಿದ ಎರಡು ಮಾತು ಉಪಯೋಗವಾದೀತು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ರಬ್ಬರು, ಉಣ್ಣೆಗಳ ಜೊತೆ ಇಟ್ಟರೆ ಬೇಗ ಕಪ್ಪಾಗುತ್ತದೆ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡುವುದು ಒಳ್ಳೆಯದು. ಅಕ್ಷರ, ಮುದ್ರೆಗಳಿರುವೆಡೆ ಬಲವಾಗಿ ತಿಕ್ಕಬಾರದು. ಹೊಳಪಿನ ಆಸೆಗೆ ಹೆಸರು ಅಳಿಯಬಾರದು.

ಊರಿಗೆ ಮರಳಿದ ವಾರದಲ್ಲೇ ತಿಜೋರಿಯಲ್ಲಿದ್ದ ಆ ಬೆಳ್ಳಿಯ ತಟ್ಟೆಯನ್ನು ಪತ್ತಾರನಲ್ಲಿಗೆ ಒಯ್ದೆ. ಮೊದಲಿನವನಿಲ್ಲ, ಅವನ ಮಗನಿದ್ದ. ತಟ್ಟೆಯ ಹಿಂಬದಿಗೆ "ಇದರಲ್ಲಿ ಅವ್ವನ ಒಳಲೆ ಇದೆ. 1996" ಎಂದು ಕೊರೆಯಲು ಹೇಳಿ, ಅದರ ಮೇಲೆ ಅಜ್ಜಿಯ ಹೆಸರಿನ ಮೂರು ಅಕ್ಷರಗಳನ್ನೂ ಹಾಕಿಸಿದೆ. ಮನೆಗೆ ತಂದು ಮನೆಯವರ ಕೈಗಿತ್ತೆ. ಅವರು ತಟ್ಟೆಯನ್ನು ತಿರುವಿ ಓದಿದರು. ತಿಜೋರಿಗೆ ಮರಳಿ ಇಡಲಿಲ್ಲ. ಪೂಜೆಯ ಜಗಲಿಯ ಪಕ್ಕದ ಗೂಡಿನಲ್ಲಿ, ಬರೆದ ಬದಿ ಕಾಣುವಂತೆ ನಿಲ್ಲಿಸಿದರು. ಅದು ಈಗಲೂ ಅಲ್ಲಿಯೇ ಇದೆ.