ಮಗಳ ಹಲ್ಲಿನ ಕವಚ

ಮಗಳು ಬಾಕ್ಸಿಂಗ್ ಕಲೀಲಿಕ್ಕೆ ಹೊಂಟಾಳ. ಹಾಲುಹಲ್ಲು ಬಿದ್ರ ಮತ್ತೊಂದು ಬರ್ತದ; ಈಗಿನ್ವು ಹೋದ್ರ ಹೋದ್ವು. ಅದಕ್ಕ ನಮ್ಮನ್ಯಾಗ ಗ್ಲೌಸ್‌ಗಿಂತ ಮೊದಲು ಮೌತ್‌ಗಾರ್ಡ್ ಬಂತು. ಬಿಸಿನೀರಾಗ ಮೆತ್ತಗ ಮಾಡಿ, ಕಚ್ಚಿಸಿ, ಹಲ್ಲಿನ ಅಚ್ಚು ಕೂಡಿಸೋ ಅಂಥಾದು. ಬಾಯಿ ತೆರೆದ್ರೂ ಅದು ಮ್ಯಾಲಿನ ಹಲ್ಲಿಗೆ ಹಿಡ್ಕೊಂಡಿರಬೇಕು, ಉಸಿರು ಸರಾಗ ಆಡಬೇಕು. ಹಲ್ಲಿಗೆ ತಂತಿ ಹಾಕಿಸಿದ್ರ ಮೊದಲು ಹಲ್ಲಿನ ಡಾಕ್ಟರ್‌ನ ಕೇಳ್ರಿ.

ಆಟ ಮುಗದ ಮ್ಯಾಲೆ ತಣ್ಣೀರಾಗ ತೊಳದು, ಮೆತ್ತನ ಬ್ರಶ್‌ಲೆ ತಿಕ್ಕಿ, ಆರಿಸಿ, ಗಾಳಿ ಆಡೋ ಡಬ್ಬ್ಯಾಗ ಇಡ್ತೀವಿ. “ಕುದಿಯೋ ನೀರಾಗ ಹಾಕವ್ವಾ, ಸ್ವಚ್ಛ ಆಗ್ತದ” ಅಂತಾರ ನಮ್ಮತ್ತಿ. ಹಾಕಿದ್ರ ಅಚ್ಚೇ ಕೆಡ್ತದಲ್ರಿ! ಬಿಸಲಿಗೂ ಇಡಬಾರದು.

ಹರದ್ರ, ಸಡಲಾದ್ರ ಬದಲಿ ಮಾಡಬೇಕು. ಮಗಳಿಗೆ 12 ತುಂಬೇದ, ಹಿಂದಿನ ದವಡಿಹಲ್ಲು ಮೂಡ್ಲಿಕ್ಕೆ ಹತ್ಯಾವ. ಹಳೇ ಅಚ್ಚು ಇನ್ನ ಕೂಡೂದಿಲ್ಲ. ಈ ಸಂತಿಗೆ ಹೊಸಾದು ತರೋದದ.