ಯಾವ ಊರಿನ ಕೊಳಗ?

ನಾನು ಕನ್ನಡದ ಅಧ್ಯಾಪಕ. ಪಾಠದ ಟಿಪ್ಪಣಿ ಬೆರಳಚ್ಚಿಸುವಷ್ಟೇ ಕಂಪ್ಯೂಟರಿಗೂ ನನಗೂ ಇರುವ ನಂಟು. ನಮ್ಮ ಮನೆಯಲ್ಲಿರುವ ಅಕ್ಕನ ಮಗನಿಗಾದರೋ ಅದೇ ಅನ್ನ. ಮೊನ್ನೆ ಮೂರು ರಾತ್ರಿ ಅವನ ಕೋಣೆಯ ದೀಪ ಆರಲಿಲ್ಲ. ಮೂರನೆಯ ರಾತ್ರಿ ನನ್ನಾಕೆ, "ಹುಡುಗ ಊಟವನ್ನೂ ಸರಿಯಾಗಿ ಮಾಡಲಿಲ್ಲ, ಹೋಗಿ ನೋಡಬಾರದೆ?" ಎಂದಳು. ಹಾಲಿನ ಲೋಟ ಹಿಡಿದು ಹೋದೆ.

"ಹಳೇ ಯಂತ್ರದಲ್ಲಿ ನೆಟ್ಟಗಿದ್ದ ಪ್ರೋಗ್ರಾಮು ಹೊಸದರಲ್ಲಿ ಕುಸಿದು ಬೀಳ್ತಿದೆ ಮಾವ. ತಪ್ಪು ನನ್ನದೇ ಅಂತಾರೆ" ಎಂದ. ಅಳುವುದೊಂದು ಬಾಕಿ.

ಸಮಾಧಾನಕ್ಕೆಂದು ಪ್ರಶ್ನೆ ಕೇಳುತ್ತ ಕುಳಿತೆ. ಅವನು ಹೇಳಿದ್ದರಲ್ಲಿ ನನಗೆ ದಕ್ಕಿದ್ದು ಇಷ್ಟು. ಪ್ರೊಸೆಸರಿನೊಳಗೆ ರಿಜಿಸ್ಟರುಗಳೆಂಬ ಪುಟ್ಟ ಪಾತ್ರೆಗಳಿವೆ. ಅವುಗಳಲ್ಲಿ ವೆಕ್ಟರ್ ರಿಜಿಸ್ಟರಿನದು ದೊಡ್ಡ ಹೊಟ್ಟೆ. ಹಲವು ಸಂಖ್ಯೆಗಳನ್ನು ಒಟ್ಟಿಗೆ ತುಂಬಿ ಒಂದೇ ಏಟಿಗೆ ಲೆಕ್ಕ ಮಾಡಬಹುದು. ಇಂಟೆಲ್ ವಂಶದಲ್ಲಿ ಹೆಸರೇ ಅಳತೆ ಹೇಳುತ್ತದೆ: ಎಕ್ಸ್‌ಎಂಎಂ ಎಂದರೆ 128 ಬಿಟ್, ವೈಎಂಎಂ 256, ಜೆಡ್‌ಎಂಎಂ 512. ಆದರೆ 2016ರಲ್ಲಿ ಆರ್ಮ್ ಪ್ರಕಟಿಸಿದ ಎಸ್‌ವಿಇ ಎಂಬ ಪದ್ಧತಿಯಲ್ಲಿ ಹೆಸರು ಒಂದೇ, ಅಗಲ ಮಾತ್ರ 128ರಿಂದ 2048 ಬಿಟ್‌ವರೆಗೆ, ಯಂತ್ರ ಮಾಡಿದವರ ಚಿತ್ತ. ಜಪಾನಿನ ಫುಗಾಕು ಯಂತ್ರದಲ್ಲಿ ಅದು 512. ಎಷ್ಟೆಂದು ಪ್ರೋಗ್ರಾಮು ಯಂತ್ರವನ್ನೇ ಕೇಳಿ ತಿಳಿಯಬೇಕು.

ಅವನ ಮುಂದೆ ಡೀಬಗರ್ ತೆರೆದಿತ್ತು. ಓಡುವ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ ಅದರ ಹೊಟ್ಟೆಯಲ್ಲೇನಿದೆಯೆಂದು ನೋಡುವ ಸಾಧನವಂತೆ. (ನಮ್ಮ ಮೌಖಿಕ ಪರೀಕ್ಷೆಯ ಹಾಗೆ.)

"ಈ ಪಾತ್ರೆ ಎಷ್ಟು ಹಿಡಿಯುತ್ತೆ?"

"ಹದಿನಾರು ಬೈಟು."

"ಅಳೆದು ನೋಡಿದೆಯಾ?"

ಹುಡುಗ ನನ್ನ ಮುಖ ನೋಡಿದ. ಆಮೇಲೆ ಏನೋ ಒತ್ತಿದ. 'ವಿಜಿ' ಎಂಬ ಹೆಸರಿನೆದುರು 4 ಎಂದು ಬಂತು.

"ನಾಲ್ಕೇ? ಕಡಿಮೆಯಾಯಿತಲ್ಲ!" ಎಂದೆ.

"ಅಲ್ಲ ಮಾವ, ಇದು 64 ಬಿಟ್ಟಿನ ತುಂಡುಗಳ ಎಣಿಕೆ. ನಾಲ್ಕು ತುಂಡು, 256 ಬಿಟ್. ಮೂವತ್ತೆರಡು ಬೈಟು!"

ಪ್ರೋಗ್ರಾಮು ಹದಿನಾರು ಹದಿನಾರು ಬೈಟು ಮುಂದೆ ಸರಿಯುತ್ತಿತ್ತು, ಸುರಿಯುತ್ತಿದ್ದುದು ಮೂವತ್ತೆರಡು. ಕೊನೆಯ ಸಲ ಅರ್ಧ ಪಾತ್ರೆ ಪಕ್ಕದ ಮನೆಯ ಅಂಗಳಕ್ಕೆ ಚೆಲ್ಲಿತ್ತು. ಮೂರು ರಾತ್ರಿಯೂ ಪಾತ್ರೆಯಲ್ಲಿದ್ದ ಅಂಕಿಗಳನ್ನೇ ನೋಡಿದವನು ಆ ಸಾಲು ಎರಡರಷ್ಟು ಉದ್ದವಾದುದನ್ನು ಗಮನಿಸಿರಲಿಲ್ಲ. ಹಾಲು ಆರಿತ್ತು, ಒಂದೇ ಗುಟುಕಿಗೆ ಕುಡಿದ.

ಅವನು ನಿದ್ದೆ ಹೋದ. ನನಗೆ ನಿದ್ದೆ ಬರಲಿಲ್ಲ.

ಎರಡು ವರ್ಷದ ಹಿಂದೆ ತರಗತಿಯಲ್ಲಿ ಒಂದು ದಾನಶಾಸನ ಪಾಠ ಮಾಡುತ್ತಿದ್ದೆ. ಅದರಲ್ಲಿ ಇಷ್ಟು ಕೊಳಗ ಬತ್ತವೆಂದು ಬರುತ್ತದೆ. ನಮ್ಮಜ್ಜಿಯ ಮನೆಯ ಹಿತ್ತಾಳೆಯ ಕೊಳಗವನ್ನು ಮನಸ್ಸಿನಲ್ಲಿಟ್ಟುಕೊಂಡು ಗುಣಿಸಿ, ಈಗಿನ ಲೆಕ್ಕಕ್ಕೆ ಇಷ್ಟು ಲೀಟರು ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ನಮ್ಮ ಕಡೆ ಕೊಳಗ ಬೇರೆ ಸಾರ್" ಎಂದ. "ಪರೀಕ್ಷೆಯಲ್ಲಿ ನಿಮ್ಮ ಕಡೆಯ ಕೊಳಗ ಕೇಳುವುದಿಲ್ಲ, ಕೂತುಕೋ" ಎಂದೆ. ತರಗತಿಯೆಲ್ಲ ನಕ್ಕಿತು. ಆ ದಿನ ನನ್ನ ಚಾತುರ್ಯಕ್ಕೆ ನಾನೇ ಹಿಗ್ಗಿದ್ದೆ.

ಭೂಮಿ ದಾನ ಕೊಟ್ಟ ಎಷ್ಟೋ ಶಾಸನಗಳಲ್ಲಿ, ಅದನ್ನು ಅಳೆದದ್ದು ಯಾವ ಗಳೆಯಿಂದ ಎಂದೂ ಕೆತ್ತಿಸಿರುತ್ತಾರೆ. ಆ ಪದಕ್ಕೆ ವರ್ಷವರ್ಷವೂ ಅರ್ಥ ಬರೆಸಿದವನು ನಾನೇ.

ಬೆಳಿಗ್ಗೆ ಟಿಪ್ಪಣಿಯ ಪುಸ್ತಕ ತೆಗೆದು ಲೀಟರಿನ ಲೆಕ್ಕವನ್ನು ಹೊಡೆದುಹಾಕಿದೆ. ಆ ಹುಡುಗ ಈಗ ಕೊನೆಯ ವರ್ಷದಲ್ಲಿದ್ದಾನೆ. ಸೋಮವಾರ ಎರಡನೆಯ ಪೀರಿಯಡ್ಡು ಅವನ ತರಗತಿ.